ಮತ್ತೆ ಬಂತು ‘ಭೂಮಿಯತ್ತ ಕ್ಷುದ್ರಗ್ರಹ’ ಸುದ್ದಿ: ಎಷ್ಟು ಹತ್ತಿರ ಬಂದರೆ ಹತ್ತಿರ?

ಸುಮ್ನೆ_ಓದುಗ

ಎಲ್ಲರಿಗೂ ನಮಸ್ಕಾರ. ಬೆಳಗ್ಗೆಯಿಂದ ಯಾವ ವಾಟ್ಸಾಪ್ ಗುಂಪು ತೆಗೆದ್ರೂ ಇದೇ. ‘ವಿಮಾನದ ಗಾತ್ರದ ಕ್ಷುದ್ರಗ್ರಹ ಭೂಮಿಯತ್ತ ಧಾವಿಸುತ್ತಿದೆ, ನಾಸಾ ಎಚ್ಚರಿಕೆ’. ಒಳಗೆ ಓದಿದ್ರೆ 42 ಲಕ್ಷ ಕಿ.ಮೀ. ದೂರದಲ್ಲಿ ಹಾದುಹೋಗುತ್ತೆ ಅಂತಿದೆ. ಹೋದ ತಿಂಗಳೂ ಇಂಥದೇ ಒಂದು ಬಂದಿತ್ತು, ಅದು ‘ಬಸ್ಸಿನಷ್ಟು’. ಮಗಳು ಓದ್ಕೊಂಡು ‘ಅಪ್ಪ, ಬೀಳತ್ತಾ?’ ಅಂತ ಕೇಳಿದ್ಲು. ಬೀಳಲ್ಲ ಅಂದೆ. ಯಾಕೆ ಬೀಳಲ್ಲ ಅಂದ್ರೆ ನನ್ನ ಹತ್ರ ಉತ್ತರ ಇಲ್ಲ. 42 ಲಕ್ಷ ಕಿ.ಮೀ. ಹತ್ತಿರವಾ, ದೂರವಾ? ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ.

ಮೂರನೇಬೆಂಚು

ಬೀಳೋದಾದ್ರೆ ಸೋಮವಾರಕ್ಕೆ ಮುಂಚೆ ಬೀಳಲಿ. ಸೋಮವಾರ ನನಗೆ ಪರೀಕ್ಷೆ ಇದೆ.

ಕಕ್ಷೆಗಣಕ

ಓದುಗರೇ, ಚಂದ್ರ ನಮ್ಮಿಂದ ಸರಾಸರಿ 3,84,400 ಕಿ.ಮೀ. ದೂರದಲ್ಲಿದ್ದಾನೆ. 42 ಲಕ್ಷ ಅಂದರೆ ಅದರ ಹನ್ನೊಂದು ಪಟ್ಟು. ಸೌರಮಂಡಲದ ಲೆಕ್ಕದಲ್ಲಿ ಹತ್ತಿರವೇ. ಬಡಿಯುವ ಲೆಕ್ಕದಲ್ಲಿ ಹತ್ತಿರವೂ ಅಲ್ಲ, ದೂರವೂ ಅಲ್ಲ, ಸಂಬಂಧವೇ ಇಲ್ಲ.

ಗೊಂದಲ ಹುಟ್ಟುವುದು ಪಟ್ಟಿಗಳಿಂದ. ಸೂರ್ಯನಿಗೆ 1.3 ಖಗೋಳಮಾನಕ್ಕಿಂತ ಹತ್ತಿರ ಬರುವ ಕ್ಷುದ್ರಗ್ರಹ, ಧೂಮಕೇತುಗಳನ್ನೆಲ್ಲ ‘ಭೂಸಮೀಪ ಕಾಯ’ ಎಂಬ ಪಟ್ಟಿಗೆ ಸೇರಿಸುತ್ತಾರೆ. ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರ, ಅಂದರೆ ಸುಮಾರು 15 ಕೋಟಿ ಕಿ.ಮೀ., ಒಂದು ಖಗೋಳಮಾನ. ಈ ಪಟ್ಟಿಯ ಕ್ಷುದ್ರಗ್ರಹಗಳ ಸಂಖ್ಯೆ 2025ರ ನವೆಂಬರ್‌ನಲ್ಲಿ 40,000 ದಾಟಿತು. ಇವುಗಳಲ್ಲಿ ಯಾವುದರ ಕಕ್ಷೆ ಭೂಮಿಯ ಕಕ್ಷೆಗೆ ಸುಮಾರು 75 ಲಕ್ಷ ಕಿ.ಮೀ.ಗಿಂತ ಹತ್ತಿರ ಬರುತ್ತದೋ, ಮತ್ತು ಗಾತ್ರ ಸುಮಾರು 140 ಮೀಟರ್ ಮೀರಿದೆಯೋ, ಅದಕ್ಕೆ ‘ಅಪಾಯಕಾರಿ ಆಗಬಹುದಾದದ್ದು’ ಎಂಬ ಹಣೆಪಟ್ಟಿ. ಗಮನಿಸಿ, ಇಲ್ಲಿ ಅಳೆಯುವುದು ಕಕ್ಷೆಯಿಂದ ಕಕ್ಷೆಗಿರುವ ದೂರ. ಆ ಕಲ್ಲು ಈ ವಾರ ಎಲ್ಲಿದೆ ಅನ್ನುವುದು ಬೇರೆ ಮಾತು. ಸುದ್ದಿ ಬರೆಯುವವರು ಹಣೆಪಟ್ಟಿಯನ್ನು ಎತ್ತಿಕೊಂಡು ‘ಎಚ್ಚರಿಕೆ’ ಮಾಡಿಬಿಡುತ್ತಾರೆ. ನಾಸಾ ಎಚ್ಚರಿಕೆಯನ್ನೇನೂ ಕೊಟ್ಟಿರುವುದಿಲ್ಲ. ಅವರ ಜಾಲತಾಣದಲ್ಲಿ ಮುಂದೆ ಹಾದುಹೋಗುವವುಗಳ ಪಟ್ಟಿ ಸದಾ ಇರುತ್ತದೆ, ಅಷ್ಟೆ.

ಮಗಳ ಪ್ರಶ್ನೆಗೆ ನಾನಾದರೆ ಹೀಗೆ ಉತ್ತರ ಕೊಡುತ್ತಿದ್ದೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಓಡುತ್ತಿದೆ. ಅದರ ವ್ಯಾಸ 12,742 ಕಿ.ಮೀ. ಅಂದರೆ ತನ್ನ ಅಗಲದಷ್ಟು ದೂರ ಸರಿಯಲು ಅದಕ್ಕೆ ಏಳು ನಿಮಿಷ ಸಾಕು. ಎರಡು ಕಕ್ಷೆಗಳು ಒಂದನ್ನೊಂದು ಕತ್ತರಿಸಿದರೂ ಸಾಲದು. ಆ ಕಲ್ಲು ಕತ್ತರಿಸುವ ಜಾಗಕ್ಕೆ ಬರುವ ಹೊತ್ತಿಗೆ ಭೂಮಿಯೂ ಅದೇ ಏಳು ನಿಮಿಷದೊಳಗೆ ಅಲ್ಲಿರಬೇಕು. ಆರು ತಿಂಗಳು, ಒಂದು ವರ್ಷ ತೆಗೆದುಕೊಂಡು ಸುತ್ತುವ ಎರಡು ಕಾಯಗಳ ಮಧ್ಯೆ ಈ ಏಳು ನಿಮಿಷ ಕೂಡಿ ಬರುವುದು ಬಹಳ ಅಪರೂಪ. ಕಕ್ಷೆ ಚೆನ್ನಾಗಿ ಗೊತ್ತಿದ್ದರೆ, ಕೂಡಿ ಬರುತ್ತದೋ ಇಲ್ಲವೋ ಎಂಬುದನ್ನು ದಶಕಗಳ ಮೊದಲೇ ಹೇಳಬಹುದು.

ನಿಶಾಚರ

ನಿಜಕ್ಕೂ ಹತ್ತಿರ ಬಂದವು ಸುದ್ದಿಯೇ ಆಗಲಿಲ್ಲ ನೋಡಿ. 2020ರ ನವೆಂಬರ್ 13ರಂದು 2020 ವಿಟಿ4 ಅನ್ನೋ ಕಲ್ಲು ದಕ್ಷಿಣ ಪೆಸಿಫಿಕ್ ಮೇಲೆ ಸುಮಾರು 370 ಕಿ.ಮೀ. ಎತ್ತರದಲ್ಲಿ ಹಾದುಹೋಯ್ತು. ಲಕ್ಷ ಅಲ್ಲ ಸ್ವಾಮಿ, ಬರೀ 370. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತೋದು ಅದಕ್ಕಿಂತ ಮೇಲೆ. ಅದು ಹೋಗಿ ಹದಿನೈದು ಗಂಟೆ ಆದಮೇಲೆ, ಕ್ಷುದ್ರಗ್ರಹ ಹುಡುಕೋಕೆಂದೇ ಇರೋ ಅಟ್ಲಾಸ್ ದೂರದರ್ಶಕಕ್ಕೆ ಸಿಕ್ಕಿತು.

ಅದೇ ವರ್ಷ ಆಗಸ್ಟ್ 16ಕ್ಕೆ 2020 ಕ್ಯೂಜಿ, ಹಿಂದೂ ಮಹಾಸಾಗರದ ದಕ್ಷಿಣಕ್ಕೆ 2,950 ಕಿ.ಮೀ. ಮೇಲೆ. ಇದನ್ನ ಚಿತ್ರಗಳಲ್ಲಿ ಮೊದಲು ಹಿಡಿದದ್ದು ಐಐಟಿ ಬಾಂಬೆಯ ಇಬ್ಬರು ವಿದ್ಯಾರ್ಥಿಗಳು, ಕ್ಯಾಲಿಫೋರ್ನಿಯಾದ ಪಾಲೊಮಾರ್ ವೀಕ್ಷಣಾಲಯದ ದತ್ತಾಂಶ ಜಾಲಾಡುವಾಗ. ಭೂಮಿಯ ಗುರುತ್ವ ಅದರ ದಾರಿಯನ್ನ ಸುಮಾರು 45 ಡಿಗ್ರಿ ತಿರುಗಿಸಿಬಿಟ್ಟಿತ್ತು! ಇವೆಲ್ಲ ಕಾರಿನಷ್ಟು, ಹೆಚ್ಚೆಂದರೆ ಸಣ್ಣ ಮನೆಯಷ್ಟು ದೊಡ್ಡವು. ವಾತಾವರಣಕ್ಕೆ ಬಿದ್ದಿದ್ರೂ ಉರಿದು ಪುಡಿಯಾಗ್ತಿದ್ವು.

ಸುಮ್ನೆ_ಓದುಗ

ಏಳು ನಿಮಿಷದ ಮಾತು ಚೆನ್ನಾಗಿದೆ ಸರ್. ಆದ್ರೆ 2025ರಲ್ಲಿ 2024 ವೈಆರ್4 ಅಂತ ಒಂದು ಬಂತಲ್ಲ, ಅದಕ್ಕೆ ಮೊದಲು ಶೇ. 1 ಅಂದ್ರು, ಆಮೇಲೆ 2 ಅಂದ್ರು, 3 ಅಂದ್ರು, ಒಂದು ದಿನ ಇದ್ದಕ್ಕಿದ್ದಂಗೆ ಏನೂ ಇಲ್ಲ ಅಂದ್ರು. ದಶಕಗಳ ಮೊದಲೇ ಹೇಳಬಹುದು ಅಂದ್ಮೇಲೆ ಈ ಏರಿಳಿತ ಯಾಕೆ? ನನಗಂತೂ ಏನೋ ಮುಚ್ಚಿಟ್ಟ ಹಾಗನ್ನಿಸ್ತು.

ಕಕ್ಷೆಗಣಕ

ಬಹಳ ಜನಕ್ಕೆ ಹಾಗೇ ಅನ್ನಿಸಿತು. ಏರಿದ್ದು, ಇಳಿದದ್ದು ಎರಡೂ ಒಂದೇ ಕಾರಣಕ್ಕೆ.

ಚಿಲಿಯ ಅಟ್ಲಾಸ್ ಕೇಂದ್ರ ಅದನ್ನು ಕಂಡದ್ದು 2024ರ ಡಿಸೆಂಬರ್ 27ರಂದು. ಅಷ್ಟರಲ್ಲಿ ಅದು ನಮ್ಮನ್ನು ದಾಟಿ ಎರಡು ದಿನವಾಗಿತ್ತು, ದೂರ ಸರಿಯುತ್ತಾ ಮಸುಕಾಗುತ್ತಿತ್ತು. ಕೆಲವೇ ದಿನಗಳ ವೀಕ್ಷಣೆಯಿಂದ ಎಳೆದ ಕಕ್ಷೆಯನ್ನು 2032ರ ಡಿಸೆಂಬರ್ 22ರ ತನಕ ಚಾಚಿದರೆ, ಆ ದಿನ ಅದು ಇರಬಹುದಾದ ಜಾಗ ಒಂದು ಬಿಂದುವಾಗಿ ಬರುವುದಿಲ್ಲ; ಲಕ್ಷಾಂತರ ಕಿ.ಮೀ. ಉದ್ದದ ಗೆರೆಯಾಗಿ ಬರುತ್ತದೆ. ಆ ಗೆರೆಯ ಮೇಲೆ ಎಲ್ಲೋ ಒಂದು ಕಡೆ ಭೂಮಿಯೂ ಕೂತಿದೆ.

ನೂರು ಚೀಟಿ ಅಂದುಕೊಳ್ಳಿ. ಒಂದರಲ್ಲಿ ಭೂಮಿ ಅಂತ ಬರೆದಿದೆ, ಉಳಿದವು ಖಾಲಿ. ನಿಜವಾದ ಚೀಟಿ ಯಾವುದೆಂದು ಗೊತ್ತಿಲ್ಲ, ಸಾಧ್ಯತೆ ಶೇ. 1. ಹೊಸ ವೀಕ್ಷಣೆ ಬಂದಾಗಲೆಲ್ಲ ‘ಇದಂತೂ ಅಲ್ಲ’ ಎಂದು ಗೊತ್ತಾದ ಚೀಟಿಗಳನ್ನು ಆಚೆ ಹಾಕುತ್ತೇವೆ. ಮೂವತ್ತಮೂರು ಉಳಿದಾಗ ಭೂಮಿಯ ಚೀಟಿ ಇನ್ನೂ ಒಳಗಿದ್ದರೆ ಸಾಧ್ಯತೆ ಶೇ. 3. ಅಪಾಯ ಬೆಳೆದಿಲ್ಲ, ಗೊತ್ತಿಲ್ಲದ್ದು ಕಡಿಮೆಯಾಗಿದೆ. ಕೊನೆಗೊಂದು ದಿನ ಭೂಮಿಯ ಚೀಟಿಯೇ ಆಚೆ ಬೀಳುತ್ತದೆ, ಆಗ ಸಂಖ್ಯೆ ದಿಢೀರನೆ ಕುಸಿಯುತ್ತದೆ. ಫೆಬ್ರವರಿ 18ಕ್ಕೆ ನಾಸಾ ಲೆಕ್ಕ ಶೇ. 3.1 ಇತ್ತು, ಮರುದಿನ 1.5, ಅದರ ಮರುದಿನ 0.28. ಫೆಬ್ರವರಿ 24ಕ್ಕೆ 0.004.

ಎಪೋಫಿಸ್ ಎಂಬ ಕ್ಷುದ್ರಗ್ರಹದ ಕಥೆಯೂ ಇದೇ. 2004ರ ಡಿಸೆಂಬರ್‌ನಲ್ಲಿ ಅದಕ್ಕೆ ಶೇ. 2.7 ಅಂದಿದ್ದರು. ಬಡಿಯುವ ಅಪಾಯ ಅಳೆಯುವ ಹತ್ತು ಮೆಟ್ಟಿಲಿನ ಟೊರಿನೊ ಮಾಪಕದಲ್ಲಿ 4ಕ್ಕೆ ಏರಿದ್ದು ಇವತ್ತಿಗೂ ಅದೊಂದೇ.

ಗುಂಡುಕಲ್ಲು

ವಿವರಣೆ ಸರಿ. ಆದರೆ ನನ್ನ ಪ್ರಶ್ನೆ ಬೇರೆ. ಕೊನೆಗೆ ಸೊನ್ನೆಗೆ ಬರುತ್ತದೆಂದು ಬಲ್ಲವರಿಗೆ ಗೊತ್ತಿತ್ತಲ್ಲವೇ? ಗೊತ್ತಿದ್ದೂ ಲೋಕಕ್ಕೆಲ್ಲ ಸಾರಿದ್ದೇಕೆ? ಎರಡು ತಿಂಗಳು ಬಾಯಿ ಮುಚ್ಚಿಕೊಂಡು ಅಳೆದಿದ್ದರೆ ಜನ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು. ಇಂಥ ಸುದ್ದಿ ಬಂದಾಗಲೆಲ್ಲ ಯಾರದೋ ಯೋಜನೆಗೆ ದುಡ್ಡು ಮಂಜೂರಾಗುತ್ತದೆ ಎಂಬ ಗುಮಾನಿ ನನ್ನದು.

ಅಳತೆಗೋಲು

ಗುಂಡುಕಲ್ಲು ಅವರೇ, ‘ಬಹುಶಃ ಸೊನ್ನೆಗೆ ಬರುತ್ತದೆ’ ಎಂದು ಗೊತ್ತಿತ್ತು. ನೂರಕ್ಕೆ ತೊಂಬತ್ತೇಳು ಪಾಲು ಗೊತ್ತಿತ್ತು ಅನ್ನಿ! ಉಳಿದ ಮೂರು ಪಾಲಿಗೇ ಅಲ್ಲವೇ ಈ ವ್ಯವಸ್ಥೆ ಇರುವುದು.

ಸಾರಿದ್ದು ಯಾರದೋ ಮರ್ಜಿಯಿಂದಲೂ ಅಲ್ಲ. ವಿಶ್ವಸಂಸ್ಥೆಯ ಶಿಫಾರಸಿನ ಮೇಲೆ ರೂಪುಗೊಂಡ ಅಂತರರಾಷ್ಟ್ರೀಯ ಕ್ಷುದ್ರಗ್ರಹ ಎಚ್ಚರಿಕೆ ಜಾಲ ಒಂದಿದೆ. ಹತ್ತು ಮೀಟರ್‌ಗಿಂತ ದೊಡ್ಡ ಕಾಯ ಬಡಿಯುವ ಸಾಧ್ಯತೆ ಶೇ. 1 ದಾಟಿದರೆ ತಿಳಿಸಲೇಬೇಕು ಎಂಬುದು ಅದರ ನಿಯಮ. 2025ರ ಜನವರಿ ಕೊನೆಯಲ್ಲಿ ಈ ನಿಯಮ ಮೊದಲ ಸಲ ಜಾರಿಗೆ ಬಂತು. ಇನ್ನು ಮುಚ್ಚಿಡುವುದಂತೂ ಆಗದ ಮಾತು. ಯಾವ ಮೂಲೆಯ ವೀಕ್ಷಕ ಅಳೆದರೂ ಅಂಕಿ ಹೋಗುವುದು ಮೈನರ್ ಪ್ಲಾನೆಟ್ ಸೆಂಟರ್‌ಗೆ, ಅಲ್ಲಿಂದ ಎಲ್ಲರಿಗೂ ತೆರೆದಿರುತ್ತದೆ. ಇಟಲಿಯ ಗುಂಪು ಒಂದು ಕಡೆ, ಐರೋಪ್ಯ ಸಂಸ್ಥೆ ಇನ್ನೊಂದು ಕಡೆ, ನಾಸಾ ಮತ್ತೊಂದು ಕಡೆ ಬೇರೆ ಬೇರೆಯಾಗಿ ಕಕ್ಷೆ ಹಾಕುತ್ತವೆ. ಒಬ್ಬರು ಬಾಯಿ ಮುಚ್ಚಿದರೆ ಇನ್ನೊಬ್ಬರ ಪುಟದಲ್ಲಿ ಕಾಣುತ್ತದೆ. ಆಮೇಲೆ ‘ಎರಡು ತಿಂಗಳು ಯಾಕೆ ಮುಚ್ಚಿಟ್ಟರು’ ಎಂದು ಮೊದಲು ಕೇಳುವವರೂ ತಾವೇ ಆಗಿರುತ್ತೀರಿ :)

ಗುಂಡುಕಲ್ಲು

ಕೇಳುತ್ತಿದ್ದೆ, ಒಪ್ಪಿದೆ. ಆದರೂ ಅಂಕಿಯನ್ನು ಬೆತ್ತಲೆಯಾಗಿ ಬಿಡುವುದು ಸರಿಯಲ್ಲ. ಶೇ. 3 ಎಂದಾಗ ಬಡಿಯುವುದು ಏನು, ಎಷ್ಟು ದೊಡ್ಡದು ಎಂಬುದೂ ಅದೇ ಸಾಲಿನಲ್ಲಿ ಬರಬೇಕು. ಇಲ್ಲದಿದ್ದರೆ ಓದುವವನ ಕಣ್ಣೆದುರು ಡೈನೊಸಾರ್ ಬರುತ್ತದೆ.

ಕಕ್ಷೆಗಣಕ

ಗಾತ್ರ ಹೇಳುವುದು ಅಂದುಕೊಂಡಷ್ಟು ಸುಲಭವಲ್ಲ. ದೂರದರ್ಶಕದಲ್ಲಿ ಕಾಣುವುದು ಬೆಳಕಿನ ಒಂದು ಚುಕ್ಕೆ. ಅದೇ ಹೊಳಪನ್ನು ಒಂದು ಸಣ್ಣ ಬಿಳಿ ಕಲ್ಲೂ ಕೊಡಬಹುದು, ದೊಡ್ಡ ಕರಿ ಕಲ್ಲೂ ಕೊಡಬಹುದು. ಬಿದ್ದ ಬೆಳಕಿನಲ್ಲಿ ಶೇ. 5 ತಿರುಗಿಸುವ ಮೈ, ಶೇ. 25 ತಿರುಗಿಸುವ ಮೈ, ಇವೆರಡರ ನಡುವೆ ವ್ಯಾಸದ ಅಂದಾಜು ಎರಡು ಪಟ್ಟಿಗೂ ಹೆಚ್ಚು ಬದಲಾಗುತ್ತದೆ. ವೈಆರ್4ಗೆ ಮೊದಲು ‘40ರಿಂದ 90 ಮೀಟರ್’ ಎಂದು ಹೇಳಿದ್ದು ಅದಕ್ಕೇ. ಆಮೇಲೆ ಜೇಮ್ಸ್ ವೆಬ್ ದೂರದರ್ಶಕ ಅದರ ಶಾಖವನ್ನು ಅಳೆದ ಮೇಲೆ ಸುಮಾರು 60 ಮೀಟರ್ ಎಂದಾಯಿತು. ಡೈನೊಸಾರ್‌ಗಳ ಕಾಲ ಮುಗಿಸಿದ್ದು ಸುಮಾರು 10 ಕಿ.ಮೀ. ಗಾತ್ರದ್ದು, 6.6 ಕೋಟಿ ವರ್ಷದ ಹಿಂದೆ. ಎರಡಕ್ಕೂ ಹೋಲಿಕೆಯೇ ಇಲ್ಲ. ಒಂದು ಕಿ.ಮೀ. ಮೀರಿದ ಭೂಸಮೀಪ ಕ್ಷುದ್ರಗ್ರಹಗಳಲ್ಲಿ ಶೇ. 95ರಷ್ಟು ಈಗಾಗಲೇ ಸಿಕ್ಕಿವೆ, ಯಾವುದೂ ನಮ್ಮ ದಾರಿಯಲ್ಲಿಲ್ಲ. 140 ಮೀಟರ್ ಮೇಲಿನವು ಸುಮಾರು 25,000 ಇರಬಹುದೆಂದು ಅಂದಾಜು, ಅವುಗಳಲ್ಲಿ ಅರ್ಧಕ್ಕಿಂತ ಕಡಿಮೆ ಸಿಕ್ಕಿವೆ.

ನಿಶಾಚರ

ನಾನು ಹೆದರೋದು ಪಟ್ಟಿಯಲ್ಲಿ ಇರೋದಕ್ಕಲ್ಲ, ಇಲ್ಲದೇ ಇರೋದಕ್ಕೆ. ಚೆಲ್ಯಾಬಿನ್ಸ್ಕ್ ನೆನಪಿಸಿಕೊಳ್ಳಿ.

2013ರ ಫೆಬ್ರವರಿ 15. ಆ ದಿನ ಎಲ್ಲರೂ ಕಾಯ್ತಾ ಇದ್ದದ್ದು 2012 ಡಿಎ14 ಅನ್ನೋ ಕ್ಷುದ್ರಗ್ರಹಕ್ಕೆ. ಒಂದು ವರ್ಷ ಮೊದಲೇ ಲೆಕ್ಕ ಹಾಕಿದ್ದರು, 27,700 ಕಿ.ಮೀ. ಮೇಲೆ ಹಾದುಹೋಗುತ್ತೆ ಅಂತ. ಹೇಳಿದ ಹೊತ್ತಿಗೆ ಬಂತು, ಹೋಯ್ತು. ಆದರೆ ಅದಕ್ಕೂ ಗಂಟೆಗಟ್ಟಲೆ ಮುಂಚೆ, ರಷ್ಯಾದ ಯುರಾಲ್ ಸೀಮೆಯಲ್ಲಿ ಬೆಳಗ್ಗೆ 9:20ರ ಹೊತ್ತಿಗೆ, ಯಾರಿಗೂ ಗೊತ್ತಿಲ್ಲದ ಇನ್ನೊಂದು ಸೆಕೆಂಡಿಗೆ ಸುಮಾರು 19 ಕಿ.ಮೀ. ವೇಗದಲ್ಲಿ ಒಳಗೆ ಬಂದು 30 ಕಿ.ಮೀ. ಎತ್ತರದಲ್ಲಿ ಸಿಡಿಯಿತು. ಗಾತ್ರ 20 ಮೀಟರ್ ಇರಬಹುದು, ಅಷ್ಟೇ. ಶಕ್ತಿ ಮಾತ್ರ ಹಿರೋಶಿಮಾ ಬಾಂಬಿನ ಮೂವತ್ತು ಪಟ್ಟು. ಎರಡಕ್ಕೂ ಸಂಬಂಧ ಇರಲಿಲ್ಲ, ಬಂದ ದಿಕ್ಕುಗಳೇ ಬೇರೆ.

ಈಗ ಮುಖ್ಯ ವಿಷಯ. ಜನಕ್ಕೆ ಏಟಾಗಿದ್ದು ಕಲ್ಲಿನಿಂದಲ್ಲ. ಆಕಾಶ ಬೆಳಗಿದಾಗ ಎಲ್ಲರೂ ಏನದು ಅಂತ ಕಿಟಕಿಗೆ ಬಂದು ನಿಂತರು. ಬೆಳಕಿಗೂ ಸದ್ದಿಗೂ ನಡುವೆ ಒಂದೆರಡು ನಿಮಿಷ ಅಂತರ. ಹೊಗೆಯ ಗೆರೆ ನೋಡ್ತಾ ಗಾಜಿಗೆ ಮುಖ ಒತ್ತಿ ನಿಂತಿದ್ದಾಗ ಆಘಾತದ ಅಲೆ ಬಂದು ಗಾಜೆಲ್ಲ ಒಳಕ್ಕೆ ಸಿಡಿಯಿತು. ಸುಮಾರು 1,500 ಜನ ಆಸ್ಪತ್ರೆಗೆ ಹೋದರು, ಏಳು ಸಾವಿರಕ್ಕೂ ಹೆಚ್ಚು ಕಟ್ಟಡಗಳಿಗೆ ಹಾನಿ. ಒಬ್ಬ ಶಿಕ್ಷಕಿ ಮಾತ್ರ ಬೆಳಕು ಕಂಡ ತಕ್ಷಣ ತರಗತಿಯ ಮಕ್ಕಳನ್ನೆಲ್ಲ ಬೆಂಚಿನ ಕೆಳಗೆ ಕೂರಿಸಿದರು. ಮಕ್ಕಳಿಗೇನೂ ಆಗಲಿಲ್ಲ, ಅವರಿಗೇ ಗಾಜು ತಗುಲಿತು. ಅಣ್ವಸ್ತ್ರ ಪರೀಕ್ಷೆ ಪತ್ತೆ ಹಚ್ಚೋಕೆ ಇಟ್ಟಿರೋ ಇನ್ಫ್ರಾಸೌಂಡ್ (ಕಿವಿಗೆ ಕೇಳದಷ್ಟು ತಗ್ಗಿನ ಧ್ವನಿ) ಕೇಂದ್ರಗಳಲ್ಲಿ ಅಂಟಾರ್ಕ್ಟಿಕಾದ್ದಕ್ಕೂ ಆ ಸದ್ದು ಮುಟ್ಟಿತ್ತು.

ಅತಿ ದೊಡ್ಡ ತುಂಡು ಚೆಬಾರ್ಕುಲ್ ಸರೋವರದ ಮಂಜುಗಡ್ಡೆ ತೂತು ಮಾಡ್ಕೊಂಡು ತಳ ಸೇರಿತ್ತು. ಅಕ್ಟೋಬರ್‌ನಲ್ಲಿ ಮೇಲೆತ್ತಿ ತೂಗೋಕೆ ಹೋದರೆ 570 ಕೆ.ಜಿ. ತೋರಿಸಿ ತಕ್ಕಡಿಯೇ ಮುರಿದುಬಿತ್ತು.

ಸುಮ್ನೆ_ಓದುಗ

ಅಷ್ಟು ದೊಡ್ಡದು ಯಾರ ಕಣ್ಣಿಗೂ ಬೀಳಲಿಲ್ಲ ಅಂದ್ರೆ ಹೇಗೆ? ಇಷ್ಟೊಂದು ದೂರದರ್ಶಕ ಇಟ್ಕೊಂಡು?

ನಿಶಾಚರ

ಸೂರ್ಯನ ಕಡೆಯಿಂದ ಬಂತು. ನೆಲದ ಮೇಲಿನ ದೂರದರ್ಶಕ ಹಗಲಲ್ಲಿ ಕುರುಡು. ಎಷ್ಟು ದೊಡ್ಡ ಕನ್ನಡಿ ಇಟ್ಟರೂ ಅಷ್ಟೆ.

ಕಕ್ಷೆಗಣಕ

ಇದಕ್ಕೆಂದೇ ‘ನಿಯೋ ಸರ್ವೇಯರ್’ ಎಂಬ ಬಾಹ್ಯಾಕಾಶ ದೂರದರ್ಶಕ ತಯಾರಾಗುತ್ತಿದೆ. ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವಿನ ಬಳಿ ನಿಂತು ಅವಕೆಂಪು ಬೆಳಕಿನಲ್ಲಿ, ಅಂದರೆ ಕಾಯಗಳು ಹೊರಸೂಸುವ ಶಾಖದಲ್ಲಿ, ನೋಡುತ್ತದೆ. ಅವಕೆಂಪಿನ ಲಾಭ ಎರಡು: ಕರಿ ಕಲ್ಲುಗಳು ಬೆಳಕು ಕಡಿಮೆ ತಿರುಗಿಸಿದರೂ ಕಾದಿರುತ್ತವೆ, ಹಾಗಾಗಿ ಕಾಣುತ್ತವೆ, ಜತೆಗೆ ಗಾತ್ರದ ಅಂದಾಜೂ ಬಿಗಿಯಾಗುತ್ತದೆ. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ ರಾತ್ರಿ ಆಕಾಶದ ಪಾಲನ್ನು ನೋಡಿಕೊಳ್ಳುತ್ತದೆ. 2025ರ ಜೂನ್‌ನಲ್ಲಿ ಅದು ಮೊದಲ ಚಿತ್ರಗಳನ್ನು ಬಿಟ್ಟಾಗ, ಸುಮಾರು 10 ಗಂಟೆಗಳ ವೀಕ್ಷಣೆಯಲ್ಲೇ 2,104 ಹೊಸ ಕ್ಷುದ್ರಗ್ರಹಗಳು ಸಿಕ್ಕಿದ್ದವು. ಅವುಗಳಲ್ಲಿ ಭೂಸಮೀಪದವು 7.

ಮೂರನೇಬೆಂಚು

ಸಿನಿಮಾದಲ್ಲಿ ಬಾಂಬ್ ಇಟ್ಟು ಉಡಾಯಿಸ್ತಾರಲ್ಲ. ಅದನ್ನೇ ಮಾಡಿದ್ರಾಯ್ತಪ್ಪ, ಇಷ್ಟೆಲ್ಲ ಯಾಕೆ.

ಅಳತೆಗೋಲು

ಉಡಾಯಿಸಿದರೆ ಒಂದು ಕಲ್ಲು ಹೋಗಿ ಅದೇ ದಾರಿಯಲ್ಲಿ ನೂರು ಕಲ್ಲು ಬರಬಹುದು ತಮ್ಮಾ. ಅದೂ ಅಲ್ಲದೆ ಇವುಗಳಲ್ಲಿ ಎಷ್ಟೋ ಗಟ್ಟಿ ಬಂಡೆಗಳೇ ಅಲ್ಲ, ಸಡಿಲವಾಗಿ ಕೂಡಿಕೊಂಡ ಜಲ್ಲಿಯ ರಾಶಿ. 2020ರಲ್ಲಿ ಒಸೈರಿಸ್-ರೆಕ್ಸ್ ನೌಕೆ ಬೆನ್ನು ಎಂಬ ಕ್ಷುದ್ರಗ್ರಹದ ಮಣ್ಣು ತೆಗೆಯಲು ಕೈ ಚಾಚಿದಾಗ, ಆ ಕೈ ತಡೆಯೇ ಇಲ್ಲದೆ ಅರ್ಧ ಮೀಟರ್ ಒಳಗಿಳಿಯಿತು. ಇಂಜಿನ್ ಹಚ್ಚಿ ಹಿಂದೆ ಸರಿಯದಿದ್ದರೆ ಇನ್ನೂ ಹೂತುಹೋಗುತ್ತಿತ್ತು.

ಸರಿಯಾದ ದಾರಿ ತಳ್ಳುವುದು. ಅದನ್ನೊಮ್ಮೆ ಮಾಡಿಯೂ ನೋಡಿದ್ದಾರೆ. 2022ರ ಸೆಪ್ಟೆಂಬರ್ 26ರಂದು ಡಾರ್ಟ್ ನೌಕೆ ಸೆಕೆಂಡಿಗೆ 6 ಕಿ.ಮೀ. ಮೀರಿದ ವೇಗದಲ್ಲಿ ಡೈಮಾರ್ಫೋಸ್‌ಗೆ ಹೋಗಿ ಗುದ್ದಿತು. ಸುಮಾರು 150 ಮೀಟರ್ ಗಾತ್ರದ ಈ ಕಲ್ಲು ಡಿಡಿಮೋಸ್ ಎಂಬ ದೊಡ್ಡಣ್ಣನ ಸುತ್ತ 11 ಗಂಟೆ 55 ನಿಮಿಷಕ್ಕೆ ಒಂದು ಸುತ್ತು ಹಾಕುತ್ತಿತ್ತು. ಗುದ್ದಿದ ಮೇಲೆ 11 ಗಂಟೆ 23 ನಿಮಿಷ. ಒಂದೂಕಾಲು ನಿಮಿಷ ಕಡಿಮೆಯಾದರೂ ಯಶಸ್ಸು ಎಂದುಕೊಂಡಿದ್ದರು, ಆದದ್ದು ಮೂವತ್ತೆರಡು. ಗುದ್ದಿನ ಜಾಗದಿಂದ ಚಿಮ್ಮಿದ ದೂಳು, ಕಲ್ಲು ಹಿಮ್ಮುಖವಾಗಿ ಹಾರಿದ್ದರಿಂದ ನೌಕೆಯೊಂದೇ ಕೊಡಬಹುದಾದ ನೂಕಿಗಿಂತ ಮೂರು ಪಟ್ಟಿಗೂ ಹೆಚ್ಚು ನೂಕು ಸಿಕ್ಕಿತು.

ಗುಂಡುಕಲ್ಲು

ಅದೆಲ್ಲ ಸೇರಿ ವೇಗದಲ್ಲಿ ಆದ ಬದಲಾವಣೆ ಸೆಕೆಂಡಿಗೆ 2.7 ಮಿಲಿಮೀಟರ್ ಎಂದು ಓದಿದ ನೆನಪು. ಇರುವೆಯೂ ಅದಕ್ಕಿಂತ ಬಿರುಸಾಗಿ ನಡೆಯುತ್ತದೆ. ಇದರಿಂದ ಭೂಮಿ ಉಳಿಯುವುದೇ?

ಕಕ್ಷೆಗಣಕ

ಲೆಕ್ಕ ಹಾಕೋಣ. ಹತ್ತು ವರ್ಷ ಅಂದರೆ ಸುಮಾರು 31.5 ಕೋಟಿ ಸೆಕೆಂಡು. 2.7 ಮಿ.ಮೀ.ಯಿಂದ ಗುಣಿಸಿದರೆ 850 ಕಿ.ಮೀ. ಇಷ್ಟೇ ಅಲ್ಲ. ಸೂರ್ಯನ ಸುತ್ತ ಸುತ್ತುವ ಕಲ್ಲನ್ನು ಅದರ ದಾರಿಗುಂಟ ತಳ್ಳಿದರೆ ಸುತ್ತಿನ ಅವಧಿಯೇ ಬದಲಾಗುತ್ತದೆ, ಆ ವ್ಯತ್ಯಾಸ ಸುತ್ತು ಸುತ್ತಿಗೂ ಕೂಡುತ್ತಾ ಹೋಗಿ ಸರಿಸುಮಾರು ಮೂರು ಪಟ್ಟಾಗುತ್ತದೆ. ಅಂದರೆ 2,500 ಕಿ.ಮೀ. ಆಸುಪಾಸು. ಭೂಮಿಯ ತ್ರಿಜ್ಯ 6,371. ಹತ್ತು ವರ್ಷ ಮೊದಲು ಗೊತ್ತಾದರೆ ಅಂಚಿಗೆ ಬಡಿಯುವಂಥದ್ದು ತಪ್ಪೀತು, ನಡುವಿಗೆ ಬಡಿಯುವಂಥದ್ದು ತಪ್ಪದು. ಮೂವತ್ತು ವರ್ಷ ಮೊದಲು ಗೊತ್ತಾದರೆ ಅದೇ ಗುದ್ದು ಸಾಕು. ಮೊದಲೇ ಹುಡುಕಿ ಇಟ್ಟುಕೊಳ್ಳಬೇಕು ಎಂದು ಎಲ್ಲರೂ ಬಡಿದುಕೊಳ್ಳುವುದು ಇದಕ್ಕೇ. ಡೈಮಾರ್ಫೋಸ್‌ನ ಮೇಲೆ ಗಾಯ ಹೇಗಾಗಿದೆ ಎಂದು ಹತ್ತಿರದಿಂದ ನೋಡಲು ಐರೋಪ್ಯ ಸಂಸ್ಥೆಯ ಹೆರಾ ನೌಕೆ 2024ರ ಅಕ್ಟೋಬರ್ 7ರಂದು ಹೊರಟಿತು.

ಅಮಾವಾಸ್ಯೆ

ಹುಡುಕೋ ಕೆಲಸದ ಬಗ್ಗೆ ಒಂದು ಮಾತು. ಅದು ದೊಡ್ಡ ವಿಜ್ಞಾನಿಗಳದು ಮಾತ್ರ ಅಂತ ತಿಳ್ಕೊಂಡವರಿಗೆ. ವಿದ್ಯಾರ್ಥಿಗಳಿಗೆ, ಹವ್ಯಾಸಿಗಳಿಗೆ ಅಂತಲೇ ನಡೆಯೋ ಅಂತರರಾಷ್ಟ್ರೀಯ ಹುಡುಕಾಟಗಳಿವೆ, ಹವಾಯಿಯ ಪ್ಯಾನ್-ಸ್ಟಾರ್ಸ್ ದೂರದರ್ಶಕ ತೆಗೆದ ಚಿತ್ರ ಕಳಿಸ್ತಾರೆ. ಆಕಾಶದ ಒಂದೇ ತುಣುಕಿನ ನಾಲ್ಕು ಚಿತ್ರ, ಕೆಲವು ನಿಮಿಷಗಳ ಅಂತರದಲ್ಲಿ ತೆಗೆದದ್ದು. ಅಸ್ಟ್ರೊಮೆಟ್ರಿಕಾ ಅನ್ನೋ ತಂತ್ರಾಂಶದಲ್ಲಿ ಹಾಕಿ ಒಂದರ ಮೇಲೊಂದು ಮಿಣುಕಿಸಬೇಕು. ನಕ್ಷತ್ರ ಎಲ್ಲ ನೆಟ್ಟಗೆ ನಿಂತಿರುತ್ತೆ. ಪರದೆ ತುಂಬ ಬಿಳಿ ಬೂದು ಚುಕ್ಕೆ, ಕ್ಯಾಮೆರಾದ ದೋಷದ ಚುಕ್ಕೆಗಳೂ ಅದರಲ್ಲೇ. ಆ ದೋಷದ ಚುಕ್ಕೆ ಒಂದು ಚಿತ್ರದಲ್ಲಿ ಇದ್ದು ಮುಂದಿನದರಲ್ಲಿ ಮಾಯ. ಅದರ ನಡುವೆ ಒಂದು ಮಸುಕು ಚುಕ್ಕೆ ಮಾತ್ರ ಒಂದೇ ಅಳತೆಯ ಹೆಜ್ಜೆ ಇಟ್ಕೊಂಡು, ಒಂದೇ ಗೆರೆಯಲ್ಲಿ, ನಾಲ್ಕೂ ಚಿತ್ರದಲ್ಲಿ ಜರುಗಿರುತ್ತೆ. ಕಣ್ಣಿಗೆ ಮೊದಲು ಅದು ಕಾಣೋದೇ ಇಲ್ಲ; ಮೂಲೆಗಣ್ಣಲ್ಲಿ ಏನೋ ಅಲ್ಲಾಡಿದ ಹಾಗಾಗುತ್ತೆ, ನೇರ ನೋಡಿದ್ರೆ ಇಲ್ಲ. ವೇಗ, ಹೊಳಪು, ದಿಕ್ಕು ನಾಲ್ಕರಲ್ಲೂ ಹೊಂದಿದ್ರೆ ಮಾತ್ರ ವರದಿ. ಸಿಗೋದು ಬಹುಪಾಲು ಮಂಗಳ, ಗುರು ಗ್ರಹಗಳ ನಡುವಿನ ಪಟ್ಟಿಯವೇ. ಭೂಸಮೀಪದವು ಹಾಗಲ್ಲ, ಚುಕ್ಕೆಯಾಗಿರದೆ ಸಣ್ಣ ಗೀರಾಗಿ ಬರೋದೂ ಉಂಟು, ಅಷ್ಟು ಬೇಗ ಸರಿದಿರುತ್ತವೆ.

ಹೊಸಬ_07

ಮಧ್ಯೆ ಬಾಯಿ ಹಾಕ್ತೀನಿ, 3ಐ ಅಟ್ಲಾಸ್ ಅನ್ಯಗ್ರಹದ ನೌಕೆ ಅಂತಾರಲ್ಲ?

ಅಳತೆಗೋಲು

ಧೂಮಕೇತು. ಬೇರೆ ನಕ್ಷತ್ರದ ಕಡೆಯಿಂದ ಬಂದದ್ದು ನಿಜ, ಅಂಥದು ಸಿಕ್ಕಿರುವುದರಲ್ಲಿ ಮೂರನೆಯದು. 2025ರ ಡಿಸೆಂಬರ್ 19ರಂದು ಭೂಮಿಗೆ ಅತಿ ಹತ್ತಿರ ಬಂದಾಗಲೂ ಸುಮಾರು 27 ಕೋಟಿ ಕಿ.ಮೀ. ದೂರದಲ್ಲಿತ್ತು. ಸೂರ್ಯನಿಗಿಂತ ದೂರ. ಅದರ ಬಗ್ಗೆ ಇಲ್ಲಿ ಇನ್ನು ಬೆಳೆಸುವುದು ಬೇಡ.

ಸುಮ್ನೆ_ಓದುಗ

ಮಗಳಿಗೆ ಎಲ್ಲ ಓದಿ ಹೇಳಿದೆ. ಈಗ ಅವಳ ಪ್ರಶ್ನೆ ಬದಲಾಗಿದೆ, ‘ನೋಡಬಹುದಾ?’ ಅಂತ. ಬರೀ ಕಣ್ಣಲ್ಲಿ ಕಾಣೋ ಅಂಥದ್ದು ಏನಾದ್ರೂ ಇದೆಯಾ?

ನಿಶಾಚರ

ಇದೆ ಸರ್, ಅದೂ ಚಿಕ್ಕದಲ್ಲ. 2029ರ ಏಪ್ರಿಲ್ 13, ಶುಕ್ರವಾರ. ಆಗಲೇ ಹೇಳಿದ್ರಲ್ಲ ಎಪೋಫಿಸ್, ಸುಮಾರು 340 ಮೀಟರ್ ಗಾತ್ರದ್ದು, ಭೂಮಿಯಿಂದ ಸುಮಾರು 32,000 ಕಿ.ಮೀ. ಮೇಲೆ ಹೋಗುತ್ತೆ. ಟಿವಿ ಉಪಗ್ರಹಗಳು ಇರೋ ಭೂಸ್ಥಿರ ಕಕ್ಷೆ 35,786 ಕಿ.ಮೀ. ಎತ್ತರದಲ್ಲಿದೆ, ಇದು ಅದಕ್ಕಿಂತ ಒಳಗೆ. 2021ರಲ್ಲಿ ರೇಡಾರ್‌ನಿಂದ ಅಳೆದು ಮುಂದಿನ ನೂರು ವರ್ಷ ಬಡಿಯಲ್ಲ ಅಂತ ಖಚಿತ ಮಾಡಿದ್ದಾರೆ, ಹಾಗಾಗಿ ಭಯ ಬೇಡ. ಯುರೋಪ್, ಆಫ್ರಿಕಾ, ಪಶ್ಚಿಮ ಏಷ್ಯಾ ಕಡೆ ಕತ್ತಲೆ ಆಕಾಶ ಇದ್ದರೆ ಬರಿಗಣ್ಣಿಗೆ ಮಧ್ಯಮ ಹೊಳಪಿನ (ಮೂರನೇ ಕಾಂತಿಮಾನದ) ನಕ್ಷತ್ರದ ಹಾಗೆ ಕಾಣುತ್ತೆ, ಆದರೆ ಸರಿಯುತ್ತಾ ಇರುತ್ತೆ. ಇಷ್ಟು ದೊಡ್ಡದು ಇಷ್ಟು ಹತ್ತಿರ ಬರೋದನ್ನ ಮೊದಲೇ ಗೊತ್ತಿದ್ದು ನೋಡೋ ಅವಕಾಶ ಹಿಂದೆ ಯಾರಿಗೂ ಸಿಕ್ಕಿಲ್ಲ. ಬೆನ್ನುವಿನ ಮಣ್ಣು ತಂದ ನೌಕೆಯನ್ನೇ ಒಸೈರಿಸ್-ಅಪೆಕ್ಸ್ ಅಂತ ಹೆಸರು ಬದಲಿಸಿ ಈಗ ಇದರ ಕಡೆಗೆ ಅಟ್ಟಿದ್ದಾರೆ. ಭೂಮಿಯ ಸೆಳೆತಕ್ಕೆ ಅದರ ತಿರುಗುವಿಕೆ ಬದಲಾಗುತ್ತೆ, ಮೇಲಿನ ಮಣ್ಣು ಕುಸೀಬಹುದು. ಅದನ್ನ ಹತ್ತಿರದಿಂದ ನೋಡೋ ಆಸೆ.

ಅಮಾವಾಸ್ಯೆ

2029ರ ತನಕ ಯಾಕೆ ಕಾಯಬೇಕು? ಪ್ರತಿ ವರ್ಷ ಡಿಸೆಂಬರ್ 13, 14ರ ರಾತ್ರಿ ಕ್ಷುದ್ರಗ್ರಹದ ಚೂರುಗಳೇ ಬೀಳ್ತವೆ, ಜೆಮಿನಿಡ್ ಉಲ್ಕಾವೃಷ್ಟಿ. ಬಹುಪಾಲು ಉಲ್ಕಾವೃಷ್ಟಿಗಳು ಧೂಮಕೇತು ಬಿಟ್ಟುಹೋದ ದೂಳಿನಿಂದ. ಆಗಸ್ಟ್‌ನ ಪರ್ಸೀಡ್‌ಗೆ ಸ್ವಿಫ್ಟ್-ಟಟಲ್, ನವೆಂಬರ್‌ನ ಲಿಯೊನಿಡ್‌ಗೆ ಟೆಂಪಲ್-ಟಟಲ್. ಆದರೆ ಜೆಮಿನಿಡ್‌ಗೆ ಫೀಥನ್ ಅನ್ನೋ ಸುಮಾರು 5-6 ಕಿ.ಮೀ. ಗಾತ್ರದ ಕ್ಷುದ್ರಗ್ರಹ. ಅದು ಸೂರ್ಯನಿಗೆ ಬುಧನಿಗಿಂತಲೂ ಎಷ್ಟೋ ಹತ್ತಿರ, ಸುಮಾರು 2.1 ಕೋಟಿ ಕಿ.ಮೀ.ಗೆ ಹೋಗಿ ಬರುತ್ತೆ. ಮಂಜುಗಡ್ಡೆ ಇಲ್ಲದ ಅದು ಇಷ್ಟೊಂದು ದೂಳು ಹೇಗೆ ಉದುರಿಸಿತು ಅನ್ನೋದು ಇನ್ನೂ ಬಗೆಹರಿದಿಲ್ಲ.

ಲಿಯೊನಿಡ್ ಸೆಕೆಂಡಿಗೆ 71 ಕಿ.ಮೀ.ನಲ್ಲಿ ಬರುತ್ತೆ, ‘ಅಗೋ’ ಅನ್ನೋಷ್ಟರಲ್ಲಿ ಮುಗಿದಿರುತ್ತೆ. ಜೆಮಿನಿಡ್ 35 ಕಿ.ಮೀ., ಪಕ್ಕದವರಿಗೆ ಬೆರಳು ತೋರಿಸೋವಷ್ಟು ಪುರುಸೊತ್ತು ಕೊಡುತ್ತೆ. ಹಳದಿ ಛಾಯೆ, ಕೆಲವು ನಡುವೆ ಒಮ್ಮೆ ಉಬ್ಬಿ ಮಿನುಗಿ ಆರುತ್ತವೆ. ದೂರದರ್ಶಕ ಬೇಡ, ಅದರಲ್ಲಿ ನೋಡಿದ್ರೆ ಒಂದೂ ಸಿಗಲ್ಲ. ಮೊಬೈಲ್ ಒಳಗಿಡಿ, ಕಣ್ಣು ಕತ್ತಲಿಗೆ ಹೊಂದೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಒಮ್ಮೆ ಪರದೆ ನೋಡಿದ್ರೆ ಮತ್ತೆ ಮೊದಲಿಂದ. ಪತ್ರಿಕೆಯಲ್ಲಿ ‘ಗಂಟೆಗೆ 120’ ಅಂತ ಬರೋದು ಉಲ್ಕೆಗಳೆಲ್ಲ ಹೊರಟ ಹಾಗೆ ಕಾಣೋ ಉಗಮ ಬಿಂದು ನೆತ್ತಿಯ ಮೇಲಿದ್ದು, ಆಕಾಶ ಪೂರ್ತಿ ಕತ್ತಲಿದ್ರೆ ಅನ್ನೋ ಲೆಕ್ಕ. ಊರಿನ ಬೆಳಕಲ್ಲಿ ಅದರ ಕಾಲು ಭಾಗ ಸಿಕ್ಕಿದ್ರೂ ಹಬ್ಬ. ಬೇರೆ ಉಲ್ಕಾವೃಷ್ಟಿಗಳ ಹಾಗೆ ಇದಕ್ಕೆ ನಡುರಾತ್ರಿ ದಾಟಬೇಕಾಗಿಲ್ಲ, ಒಂಬತ್ತು ಹತ್ತು ಗಂಟೆಗೇ ಶುರುವಾಗುತ್ತೆ, ಮಕ್ಕಳಿಗೆ ಅನುಕೂಲ.

ಹೊಸಬ_07

ಒಂದು ಸಲ ಆಕಾಶದಲ್ಲಿ ಬೆಂಕಿ ಉಂಡೆ ನಿಧಾನಕ್ಕೆ ಹೋಗ್ತಾ ಹೋಗ್ತಾ ಏಳೆಂಟು ಚೂರಾಗಿದ್ದು ನೋಡಿದೀನಿ. ಒಂದು ನಿಮಿಷದ ಮೇಲೇ ಕಾಣ್ತು. ಅದು ಉಲ್ಕೆನಾ?

ನಿಶಾಚರ

ಒಂದು ನಿಮಿಷ ಅಂದ್ರೆ ಅಲ್ಲ. ಅದು ರಾಕೆಟ್ಟಿನದೋ ಉಪಗ್ರಹದ್ದೋ ಚೂರು ವಾಪಸ್ ಬಿದ್ದದ್ದು. ಅದರ ವೇಗ ಸೆಕೆಂಡಿಗೆ 8 ಕಿ.ಮೀ. ಒಳಗೆ. ಉಲ್ಕೆಗೆ ಕನಿಷ್ಠವೇ 11, ಕೆಲವೇ ಸೆಕೆಂಡಲ್ಲಿ ಕಥೆ ಮುಗಿಯುತ್ತೆ.

ಮೂರನೇಬೆಂಚು

ಸೀರಿಯಸ್ಸಾಗಿ ಕೇಳ್ತಿದೀನಿ ಈಗ. ನನ್ನ ಹತ್ರ ಒಂದು ಕರಿ ಕಲ್ಲಿದೆ, ಭಾರ ಜಾಸ್ತಿ, ಆಯಸ್ಕಾಂತ ಅಂಟುತ್ತೆ. ‘ಬಿದ್ದಾಗ ಕೆಂಡದ ಹಾಗಿತ್ತು, ಹುಲ್ಲು ಸುಟ್ಟಿತ್ತು’ ಅಂತ ಕೊಟ್ಟವರು ಹೇಳಿದ್ರು. ಉಲ್ಕಾಶಿಲೆ ಇರಬಹುದಾ?

ಅಳತೆಗೋಲು

‘ಕೆಂಡದ ಹಾಗಿತ್ತು’ ಅಂದದ್ದೇ ಅನುಮಾನ ತರಿಸುತ್ತದೆ. ಮೇಲೆ ಉರಿಯುವುದು ಕೆಲವೇ ಸೆಕೆಂಡು, ಅದೂ ಹೊರಗಿನ ತೆಳು ಪದರ ಮಾತ್ರ, ಕರಗಿದ್ದು ಆಗಲೇ ಹಾರಿಹೋಗುತ್ತದೆ. ಆಮೇಲೆ ವೇಗ ಕಳೆದುಕೊಂಡು ನಿಮಿಷಗಟ್ಟಲೆ ತಣ್ಣನೆಯ ಗಾಳಿಯಲ್ಲಿ ಸುಮ್ಮನೆ ಬೀಳುತ್ತದೆ. ಸಣ್ಣ ಕಲ್ಲು ನೆಲ ಮುಟ್ಟುವಾಗ ಹುಲ್ಲು ಸುಡುವಷ್ಟು ಬಿಸಿ ಇರುವುದಿಲ್ಲ.

ಆಯಸ್ಕಾಂತಕ್ಕೆ ಕುಲುಮೆಯ ಕಿಟ್ಟವೂ ಅಂಟುತ್ತದೆ, ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರೂ ಅಂಟುತ್ತದೆ. ಮೈಯಲ್ಲಿ ಗುಳ್ಳೆಯ ತೂತುಗಳಿದ್ದರೆ ಅಲ್ಲಿಗೇ ಬಿಟ್ಟುಬಿಡಿ, ಅದು ಕಿಟ್ಟವೋ ಲಾವಾ ಕಲ್ಲೋ ಆಗಿರುತ್ತದೆ. ತೂತಿಲ್ಲದಿದ್ದರೆ ಹೊಳಪಿಲ್ಲದ ಹೆಂಚಿನ ಹಿಂಭಾಗಕ್ಕೆ ಉಜ್ಜಿ. ಕೆಂಪು ಕಂದು ಗೆರೆ ಬಿದ್ದರೆ ಹೆಮಟೈಟ್ (ಇದೂ ಕಬ್ಬಿಣದ ಅದಿರೇ), ಕಪ್ಪು ಗೆರೆ ಬಿದ್ದರೆ ಮ್ಯಾಗ್ನೆಟೈಟ್. ಗೆರೆಯೇ ಬೀಳದಿದ್ದರೆ ಮುಂದೆ ನೋಡಬಹುದು: ಹೊರಗೆ ತೆಳ್ಳನೆಯ ಕರಿ ಸಿಪ್ಪೆ, ಅದು ಎದ್ದ ಕಡೆ ಒಳಗೆ ತಿಳಿ ಬೂದು ಬಣ್ಣ, ಅದರಲ್ಲಿ ಮಿನುಗುವ ಲೋಹದ ಕಣ, ಸಣ್ಣ ಸಣ್ಣ ದುಂಡನೆಯ ಕಾಳುಗಳು.

ಮೂರನೇಬೆಂಚು

ತೂತಿಲ್ಲ. ಹೆಂಚಿಗೆ ಉಜ್ಜಿದೆ, ಗೆರೆ ಬಿದ್ದ ಹಾಗೂ ಇದೆ ಬೀಳದ ಹಾಗೂ ಇದೆ. ಇನ್ನೊಂದು ಸಲ ಆಯಸ್ಕಾಂತ ಹಿಡಿದು ನೋಡ್ಲಾ?

ಕಕ್ಷೆಗಣಕ

ಬೇಡ ಬೇಡ, ಆಯಸ್ಕಾಂತ ದೂರವಿಡಿ. ಅದು ಒಂದು ವೇಳೆ ನಿಜವಾದದ್ದೇ ಆಗಿದ್ದರೆ, ಸೌರಮಂಡಲ ಹುಟ್ಟಿದ ಕಾಲದ ಕಾಂತೀಯ ಗುರುತು ಅದರೊಳಗೆ ಉಳಿದಿರುವ ಸಾಧ್ಯತೆ ಇದೆ. ಬಲವಾದ ಆಯಸ್ಕಾಂತ ಹಿಡಿದರೆ ಆ ಗುರುತು ಅಳಿಸಿಹೋಗುತ್ತದೆ. ಸಿಪ್ಪೆ ಎದ್ದ ಜಾಗ ಕಾಣುವ ಹಾಗೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಹಗಲು ಬೆಳಕಲ್ಲಿ ಎರಡು ಫೋಟೊ ಹಾಕಿ. ಫ್ಲ್ಯಾಶ್ ಬೇಡ.